ಕೋಲುಕುದುರೆಯ ತರ್ಕ: ವೈಗೋಟ್ಸ್ಕಿ ಸಿದ್ಧಾಂತದ ಒಂದು ವಿಮರ್ಶೆ

ಮೂರು-ನಾಲ್ಕು ವರ್ಷದ ಮಗುವೊಂದು ಕೋಲನ್ನು ಕಾಲುಗಳ ನಡುವೆ ಹಿಡಿದುಕೊಂಡು ಅಂಗಳದ ತುಂಬ ಕುದುರೆ ಓಡಿಸುತ್ತದೆ. ಅದು ಕೋಲು ಎಂಬುದು ಮಗುವಿಗೆ ಚೆನ್ನಾಗಿ ಗೊತ್ತು. ಆಟ ಮುಗಿದ ಮೇಲೆ ಅದೇ ಕೋಲಿನಿಂದ ಹುಣಸೆಕಾಯಿ ಉದುರಿಸಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಆಟ ನಡೆಯುವಷ್ಟು ಹೊತ್ತು ಕೋಲು ಕುದುರೆಯೇ. ಇದು ಆಲೋಚನೆಯ ಒಂದು ರೂಪವೇ? ಅಥವಾ ನಿಜವಾದ ಆಲೋಚನೆ ಇನ್ನೂ ಬಂದಿಲ್ಲ ಎಂಬುದರ ಲಕ್ಷಣವೇ? ಇಪ್ಪತ್ತನೆಯ ಶತಮಾನದ ಬಾಲ ಮನೋವಿಜ್ಞಾನ ಈ ಪ್ರಶ್ನೆಗೆ ಎರಡು ಭಿನ್ನ ಉತ್ತರಗಳನ್ನು ಕೊಟ್ಟಿತು. ಒಂದು ಪಿಯಾಜೆಯವರದು, ಇನ್ನೊಂದು ವೈಗೋಟ್ಸ್ಕಿಯವರದು.

ಶಿಕ್ಷಕರ ತರಬೇತಿ ಪುಸ್ತಕಗಳಲ್ಲಿ ಈ ಎರಡು ಹೆಸರುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಪರೀಕ್ಷೆಗೆ ನೆನಪಿಡಬೇಕಾದ ಹಂತಗಳು ಮತ್ತು ಪಾರಿಭಾಷಿಕ ಪದಗಳು ಇರುತ್ತವೆ. ಯಾವ ಹೇಳಿಕೆಗೆ ಎಂಥ ಸಾಕ್ಷ್ಯವಿದೆ ಎಂಬ ವಿವರ ಮಾತ್ರ ಅಪರೂಪ. ಭೌತವಿಜ್ಞಾನ ಕಲಿಸುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಓಮ್‌ನ ನಿಯಮ ಬರೆಯುವಾಗ 'ತಾಪ ಸ್ಥಿರವಾಗಿದ್ದರೆ' ಎಂಬ ಷರತ್ತನ್ನು ವಿದ್ಯಾರ್ಥಿ ಬಿಟ್ಟರೆ ನಾವು ಅಂಕ ಕಳೆಯುತ್ತೇವೆ. ಮಗುವಿನ ಮನಸ್ಸಿನ ಬಗ್ಗೆ ಬರೆಯುವಾಗ ನಾವೇ ಷರತ್ತುಗಳನ್ನೆಲ್ಲ ಬಿಟ್ಟುಬಿಡುತ್ತೇವೆ. ಕಲ್ಪನೆ ಮತ್ತು ಒಡನಾಟದ ಮೂಲಕ ಮಗುವಿನ ಆಲೋಚನೆ ಬೆಳೆಯುತ್ತದೆ ಎಂಬ ವೈಗೋಟ್ಸ್ಕಿಯವರ ಸಿದ್ಧಾಂತವನ್ನು ಇಲ್ಲಿ ಆ ದೃಷ್ಟಿಯಿಂದ ಪರಿಶೀಲಿಸಲಾಗಿದೆ.

ಒಂದೇ ವರ್ಷ ಹುಟ್ಟಿದ ಇಬ್ಬರು

ಜೀನ್ ಪಿಯಾಜೆ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್‌ನಲ್ಲಿ, ಲೆವ್ ವೈಗೋಟ್ಸ್ಕಿ ಇಂದಿನ ಬೆಲಾರೂಸ್‌ನ ಓರ್ಷಾದಲ್ಲಿ ಜನಿಸಿದರು. ಇಬ್ಬರೂ ಹುಟ್ಟಿದ್ದು 1896ರಲ್ಲಿ. ಪಿಯಾಜೆ 1980ರವರೆಗೆ ಬದುಕಿ, ತಮ್ಮ ಸಿದ್ಧಾಂತವನ್ನು ತಾವೇ ಹಲವು ಬಾರಿ ತಿದ್ದಿದರು. ವೈಗೋಟ್ಸ್ಕಿಗೆ ಆ ಅವಕಾಶ ಸಿಗಲಿಲ್ಲ. ಅವರು 1934ರಲ್ಲಿ, 37ನೆಯ ವಯಸ್ಸಿನಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಅವರ ಮುಖ್ಯ ಕೃತಿ 'ಆಲೋಚನೆ ಮತ್ತು ಮಾತು' ಹೊರಬಂದದ್ದು ಅದೇ ವರ್ಷ, ಅವರ ಮರಣಾನಂತರ. 1936ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷ 'ಪೆಡಾಲಜಿ' ಎಂಬ ಮಕ್ಕಳ ಅಧ್ಯಯನ ಶಾಖೆಯನ್ನು ಖಂಡಿಸಿ ನಿರ್ಣಯ ಹೊರಡಿಸಿತು. ಅದರೊಂದಿಗೆ ವೈಗೋಟ್ಸ್ಕಿಯ ಬರಹಗಳೂ ಮರೆಗೆ ಸರಿದವು. ಮತ್ತೆ ಮುದ್ರಣ ಕಂಡದ್ದು 1956ರಲ್ಲಿ.

ಇಬ್ಬರ ಭಿನ್ನಾಭಿಪ್ರಾಯ ಸ್ಪಷ್ಟವಾಗಿ ಕಾಣುವುದು ಮಗುವಿನ ಒಂಟಿ ಮಾತಿನ ವಿಷಯದಲ್ಲಿ. ಚಿಕ್ಕ ಮಕ್ಕಳು ಆಡುವಾಗ, ಚಿತ್ರ ಬರೆಯುವಾಗ ಯಾರಿಗೂ ಅಲ್ಲದ ಮಾತನ್ನು ಆಡುತ್ತಲೇ ಇರುತ್ತಾರೆ. 1923ರ ತಮ್ಮ ಪುಸ್ತಕದಲ್ಲಿ ಪಿಯಾಜೆ ಇದನ್ನು 'ಸ್ವಕೇಂದ್ರಿತ ಮಾತು' ಎಂದು ಕರೆದರು. ಇತರರ ದೃಷ್ಟಿಯಿಂದ ನೋಡಲು ಮಗುವಿಗೆ ಇನ್ನೂ ಬಾರದು ಎಂಬುದರ ಗುರುತು ಅದು. ಸಾಮಾಜಿಕ ಮಾತು ಬೆಳೆದಂತೆ ತಾನೇ ಮಾಯವಾಗುತ್ತದೆ ಎಂದು ಅವರು ಬಗೆದರು.

ವೈಗೋಟ್ಸ್ಕಿ ಇದನ್ನು ಒಂದು ಸರಳ ಪ್ರಯೋಗದಿಂದ ಪರೀಕ್ಷಿಸಿದರು. ಚಿತ್ರ ಬರೆಯಲು ಕುಳಿತ ಮಗುವಿಗೆ ಬೇಕಾದ ಬಣ್ಣದ ಪೆನ್ಸಿಲ್ ಸಿಗದಂತೆ ಮಾಡಿದರು. ಅಡಚಣೆ ಎದುರಾದಾಗ ಒಂಟಿ ಮಾತು ಸುಮಾರು ಎರಡರಷ್ಟಾಯಿತು. ಅಂದರೆ ಆ ಮಾತಿಗೆ ಒಂದು ಕೆಲಸವಿದೆ. ಮಗು ಅದರ ನೆರವಿನಿಂದ ತನ್ನ ಮುಂದಿನ ಹೆಜ್ಜೆಯನ್ನು ಯೋಜಿಸುತ್ತಿದೆ. ಅವರು ಕೊಡುವ ಉದಾಹರಣೆಯೊಂದರಲ್ಲಿ ಐದೂವರೆ ವರ್ಷದ ಹುಡುಗ ಟ್ರಾಮ್ ಗಾಡಿಯ ಚಿತ್ರ ಬರೆಯುತ್ತಿದ್ದಾಗ ಪೆನ್ಸಿಲ್ ಮುರಿಯಿತು. ಮುರಿಯಿತು ಎಂದು ತನಗೆ ತಾನೇ ಹೇಳಿಕೊಂಡ ಹುಡುಗ, ಬಣ್ಣದ ಕುಂಚ ತೆಗೆದುಕೊಂಡು ಅಪಘಾತದಲ್ಲಿ ಮುರಿದ ಟ್ರಾಮ್ ಬರೆದ. ಒಂದು ಪದ ಇಡೀ ಚಿತ್ರದ ದಿಕ್ಕನ್ನೇ ಬದಲಿಸಿತು.

ಇನ್ನೊಂದು ಪ್ರಯೋಗ ಇನ್ನೂ ಅರ್ಥಪೂರ್ಣ. ಕಿವಿ ಕೇಳದ ಮಕ್ಕಳ ನಡುವೆ ಅಥವಾ ತನ್ನ ಭಾಷೆ ತಿಳಿಯದ ಮಕ್ಕಳ ನಡುವೆ ಕೂರಿಸಿದಾಗ ಮಗುವಿನ ಒಂಟಿ ಮಾತು ತೀವ್ರವಾಗಿ ಕುಗ್ಗಿತು. ಅದು ಕೇವಲ ಸ್ವಕೇಂದ್ರಿತವಾಗಿದ್ದರೆ ಕೇಳುವವರು ಇದ್ದರೇನು, ಇಲ್ಲದಿದ್ದರೇನು? ಹೀಗಾಗಿ ಒಂಟಿ ಮಾತು ಹುಟ್ಟುವುದೇ ಇತರರೊಡನೆ ಆಡುವ ಮಾತಿನಿಂದ. ಮುಂದೆ ಅದು ಮಾಯವಾಗುವುದಿಲ್ಲ, ಒಳಗೆ ಇಳಿದು ಆಲೋಚನೆಯಾಗುತ್ತದೆ ಎಂಬುದು ಅವರ ತೀರ್ಮಾನ. ಈ ಟೀಕೆಗೆ ಪಿಯಾಜೆ ಉತ್ತರ ಬರೆದದ್ದು 1962ರಲ್ಲಿ, ಟೀಕಿಸಿದವರು ತೀರಿಕೊಂಡು 28 ವರ್ಷಗಳಾದ ಮೇಲೆ. ಒಂಟಿ ಮಾತು ಒಳಮಾತಿನ ಪೂರ್ವರೂಪ ಎಂಬುದನ್ನು ಅವರು ಬಹುಮಟ್ಟಿಗೆ ಒಪ್ಪಿದರು.

ಆಟದೊಳಗಿನ ನಿಯಮ

ವೈಗೋಟ್ಸ್ಕಿ 1933ರಲ್ಲಿ ಲೆನಿನ್‌ಗ್ರಾಡಿನಲ್ಲಿ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಕೋಲುಕುದುರೆಯ ಚರ್ಚೆ ಬರುವುದು ಅದರಲ್ಲೇ. ಶಿಶುವಿಗೆ ವಸ್ತು ಮತ್ತು ಅದರ ಅರ್ಥ ಅಂಟಿಕೊಂಡಿರುತ್ತವೆ. ಕೋಲು ಕುದುರೆಯಾದಾಗ 'ಕುದುರೆ' ಎಂಬ ಅರ್ಥ ನಿಜ ಕುದುರೆಯಿಂದ ಬಿಡಿಸಿಕೊಂಡು ಬಂದು ಬೇರೊಂದು ವಸ್ತುವಿನ ಮೇಲೆ ಕೂರುತ್ತದೆ. ಹಾಗೆ ಬಿಡಿಸಲು ಮಗುವಿಗೆ ಕೋಲಿನ ಆಸರೆ ಬೇಕು. ದೊಡ್ಡವರಾದ ಮೇಲೆ ನಾವು ಆಸರೆಯಿಲ್ಲದೆ ಕೇವಲ ಸಂಕೇತಗಳಿಂದ ಈ ಕೆಲಸ ಮಾಡುತ್ತೇವೆ. ವೇಗವನ್ನು v ಎಂಬ ಅಕ್ಷರದಿಂದ ಸೂಚಿಸುವ ಪ್ರೌಢಶಾಲಾ ವಿದ್ಯಾರ್ಥಿ ಆ ಅಂಗಳದ ಮಗುವಿನಿಂದ ನಾವು ಭಾವಿಸುವಷ್ಟು ದೂರ ಬಂದಿಲ್ಲ.

ಉಪನ್ಯಾಸದ ಎರಡನೆಯ ಅಂಶ ಇನ್ನೂ ಮುಖ್ಯ. ಕಲ್ಪನೆಯ ಆಟವೆಂದರೆ ಮನಬಂದಂತೆ ನಡೆಯುವುದು ಎಂಬ ಸಾಮಾನ್ಯ ನಂಬಿಕೆಯನ್ನು ಅವರು ತಿರಸ್ಕರಿಸಿದರು. ಇದಕ್ಕೆ ಅವರು ಬಳಸುವುದು ಜೇಮ್ಸ್ ಸಲಿ ಎಂಬ ಮನೋವಿಜ್ಞಾನಿ ದಾಖಲಿಸಿದ ಒಂದು ಘಟನೆ. ಐದು ಮತ್ತು ಏಳು ವರ್ಷದ ಅಕ್ಕತಂಗಿಯರಿಬ್ಬರು 'ಅಕ್ಕತಂಗಿ' ಆಟ ಆಡುತ್ತಾರೆ. ನಿಜಜೀವನದಲ್ಲಿ ಅವರು ಅಕ್ಕತಂಗಿಯರಾಗಿಯೇ ಇದ್ದರೂ ಅದರ ಬಗ್ಗೆ ಯೋಚಿಸುವುದಿಲ್ಲ. ಆಟದಲ್ಲಿ ಮಾತ್ರ ಅಕ್ಕ ಹೇಗಿರಬೇಕು, ತಂಗಿ ಹೇಗಿರಬೇಕು ಎಂಬ ನಿಯಮ ಎದ್ದು ಕಾಣುತ್ತದೆ. ನಮ್ಮ ಮಕ್ಕಳ ಬಸ್ಸಿನ ಆಟವೂ ಹೀಗೆಯೇ. ಕಂಡಕ್ಟರ್ ಆದವನು ಟಿಕೆಟ್ ಕೊಡಲೇಬೇಕು. ಸೀಟಿ ಊದುವ ಮುಂಚೆ ಡ್ರೈವರ್ ಬಸ್ಸು ಬಿಟ್ಟರೆ ಜಗಳವೇ ಆಗುತ್ತದೆ. ವಾಸ್ತವದ ಬಂಧನದಿಂದ ಬಿಡುಗಡೆ, ನಿಯಮಕ್ಕೆ ಸ್ವಇಚ್ಛೆಯ ಅಧೀನತೆ – ಎರಡೂ ಒಟ್ಟಿಗೆ ನಡೆಯುವುದು ಆಟದ ವಿಶೇಷ.

ಇದು ಸೂಕ್ಷ್ಮವಾದ ಒಳನೋಟ. ಆದರೆ ಒಂದು ಕೊರತೆಯನ್ನು ಹೇಳಲೇಬೇಕು. ಉಪನ್ಯಾಸದಲ್ಲಿ ಅಳತೆಗಳಿಲ್ಲ. ಎಷ್ಟು ಮಕ್ಕಳನ್ನು ನೋಡಲಾಯಿತು, ವಿರುದ್ಧ ಉದಾಹರಣೆಗಳು ಸಿಕ್ಕವೇ ಎಂಬ ವಿವರವಿಲ್ಲ. ಶೀಘ್ರಲಿಪಿಯ ದಾಖಲೆಯಿಂದ ಉಳಿದುಬಂದು 1966ರಲ್ಲಿ ಮುದ್ರಣವಾದ ಮಾತು ಅದು. ಆದ್ದರಿಂದ ಇದನ್ನು ಸ್ಥಾಪಿತ ನಿಯಮವೆಂದು ಓದದೆ, ಒಳ್ಳೆಯ ಊಹನೆ ಎಂದು ಓದಬೇಕು. ಊಹನೆಯ ಬೆಲೆ ಅದು ಎಂಥ ಪ್ರಯೋಗಗಳಿಗೆ ದಾರಿ ಮಾಡಿತು ಎಂಬುದರಲ್ಲಿದೆ.

ಬೆಕ್ಕು ಬೊಗಳುವ ಲೋಕ

ಕಲ್ಪನೆಗೂ ತರ್ಕಕ್ಕೂ ಸಂಬಂಧವಿದೆಯೇ ಎಂದು ನೇರವಾಗಿ ಪರೀಕ್ಷಿಸಿದವರು ಮರಿಯಾ ಡಯಾಸ್ ಮತ್ತು ಪಾಲ್ ಹ್ಯಾರಿಸ್. 1988 ಮತ್ತು 1990ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಇಂಥ ಪ್ರಶ್ನೆಗಳಿದ್ದವು: ಎಲ್ಲ ಬೆಕ್ಕುಗಳೂ ಬೊಗಳುತ್ತವೆ, ರೆಕ್ಸ್ ಒಂದು ಬೆಕ್ಕು, ರೆಕ್ಸ್ ಬೊಗಳುತ್ತದೆಯೇ? ಸಾಮಾನ್ಯ ಧ್ವನಿಯಲ್ಲಿ ಕೇಳಿದಾಗ ಹೆಚ್ಚಿನ ಮಕ್ಕಳು ಬೆಕ್ಕು ಬೊಗಳುವುದಿಲ್ಲ ಎಂದು ತಮಗೆ ತಿಳಿದದ್ದನ್ನೇ ಹೇಳಿದರು. ಇದು ಬೇರೊಂದು ಗ್ರಹದ ವಿಷಯ ಎಂದಾಗ, ಅಥವಾ ಕೇವಲ ಕಥೆ ಹೇಳುವ ಧ್ವನಿಯಲ್ಲಿ ಕೇಳಿದಾಗ, ಅದೇ ವಯಸ್ಸಿನ ಮಕ್ಕಳು ಆಧಾರವಾಕ್ಯವನ್ನು ಒಪ್ಪಿಕೊಂಡು ಸರಿಯಾದ ನಿಗಮನಕ್ಕೆ ಬಂದರು. ಅಲ್ಲಿ ಎಲ್ಲ ಬೆಕ್ಕುಗಳೂ ಬೊಗಳುತ್ತವಲ್ಲ ಎಂಬ ಬಗೆಯ ಕಾರಣವನ್ನೂ ಕೊಟ್ಟರು.

ಇದರ ಹಿನ್ನೆಲೆಯಲ್ಲಿ ವೈಗೋಟ್ಸ್ಕಿಯ ಸಹೋದ್ಯೋಗಿ ಅಲೆಕ್ಸಾಂಡರ್ ಲೂರಿಯಾ ಅವರ ಕೆಲಸವನ್ನು ನೆನೆಯಬೇಕು. 1931 ಮತ್ತು 1932ರಲ್ಲಿ ಲೂರಿಯಾ ಉಜ್ಬೆಕಿಸ್ತಾನದ ಹಳ್ಳಿಗಳಲ್ಲಿ ಅಕ್ಷರ ಕಲಿಯದ ರೈತರಿಗೆ ಇಂಥದೇ ಪ್ರಶ್ನೆ ಕೇಳಿದ್ದರು. ಹಿಮವಿರುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ. ಉತ್ತರದ ಇಂಥ ಊರಿನಲ್ಲಿ ಕರಡಿಯ ಬಣ್ಣ ಯಾವುದು? ತಾವು ಅಲ್ಲಿಗೆ ಹೋಗಿಲ್ಲ, ಕಾಣದ್ದನ್ನು ಹೇಳಲಾಗದು ಎಂಬುದು ಹಲವರ ಉತ್ತರ. ಲೂರಿಯಾ ಇದನ್ನು ಶಾಲೆಯಿಲ್ಲದ ಮನಸ್ಸಿನ ಮಿತಿ ಎಂದು ಅರ್ಥೈಸಿದರು. ಶಾಲೆಗೆ ಇನ್ನೂ ಸೇರದ ನಾಲ್ಕು ವರ್ಷದ ಮಗು ಕಥೆಯ ಧ್ವನಿ ಕೇಳಿದೊಡನೆ ಆ ತರ್ಕ ಮಾಡಬಲ್ಲದಾದರೆ, ಲೂರಿಯಾ ಅವರ ತೀರ್ಮಾನವನ್ನು ಮತ್ತೆ ಯೋಚಿಸಬೇಕಾಗುತ್ತದೆ. ರೈತರಿಗೆ ತರ್ಕಶಕ್ತಿ ಇರಲಿಲ್ಲ ಎನ್ನುವುದಕ್ಕಿಂತ, ಪ್ರಶ್ನೆ ಕೇಳಿದವರು ಯಾವ ಆಟ ಆಡುತ್ತಿದ್ದಾರೆ ಎಂಬುದು ಅವರಿಗೆ ತಿಳಿದಿರಲಿಲ್ಲ ಎನ್ನುವುದು ಹೆಚ್ಚು ಸರಿ.

ವಿಜ್ಞಾನ ಕಲಿಸುವವರಿಗೆ ಇದು ಬಹಳ ಹತ್ತಿರದ ವಿಷಯ. ಘರ್ಷಣೆಯಿಲ್ಲದ ಸಮತಲವನ್ನು ಯಾರೂ ಕಂಡಿಲ್ಲ. ಆದರೂ ಅಂಥದ್ದು ಇದೆ 'ಎಂದಿಟ್ಟುಕೊಳ್ಳೋಣ' ಎಂದು ಹೇಳಿ ಗೆಲಿಲಿಯೋ ನಡೆದ ದಾರಿಯಲ್ಲೇ ನಾವು ಜಡತ್ವವನ್ನು ಕಲಿಸುತ್ತೇವೆ. ಕನ್ನಡದ ಮಕ್ಕಳು ಇದೇ ಕೆಲಸಕ್ಕೆ 'ಅಂತೆ' ಎಂಬ ಪುಟ್ಟ ಪದವನ್ನು ಬಳಸುತ್ತಾರೆ: ನಾನು ಡಾಕ್ಟರ್ ಅಂತೆ, ನಿನಗೆ ಜ್ವರ ಬಂದಿದೆಯಂತೆ. ಆ ಅಂತೆಗೂ ನಮ್ಮ ಎಂದಿಟ್ಟುಕೊಳ್ಳೋಣಕ್ಕೂ ಇರುವುದು ಒಂದೇ ರಚನೆ. ಎರಡರಲ್ಲೂ ಆಧಾರವಾಕ್ಯವನ್ನು ಒಪ್ಪಿ, ಅದರ ಪರಿಣಾಮಗಳನ್ನು ನಿಯಮಬದ್ಧವಾಗಿ ಅನುಸರಿಸಲಾಗುತ್ತದೆ. ವೈಗೋಟ್ಸ್ಕಿಯ ಊಹನೆಗೆ ದೊರೆತ ಗಟ್ಟಿಯಾದ ಬೆಂಬಲಗಳಲ್ಲಿ ಇದೊಂದು.

ಪ್ರಶ್ನೆಯೂ ಪ್ರಯೋಗದ ಭಾಗ

ಪಿಯಾಜೆಯವರ ಸಂಖ್ಯಾ ಸಂರಕ್ಷಣೆಯ ಪ್ರಯೋಗ ಎಲ್ಲ ಶಿಕ್ಷಕರಿಗೂ ಪರಿಚಿತ. ಎರಡು ಸಾಲುಗಳಲ್ಲಿ ಸಮಸಂಖ್ಯೆಯ ಬಿಲ್ಲೆಗಳನ್ನು ಜೋಡಿಸಿ, ಎರಡೂ ಸಮವೇ ಎಂದು ಕೇಳಲಾಗುತ್ತದೆ. ಮಗು ಹೌದೆನ್ನುತ್ತದೆ. ಮಗುವಿನ ಎದುರಿಗೇ ಒಂದು ಸಾಲನ್ನು ಅಗಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಆರು ವರ್ಷದೊಳಗಿನ ಹೆಚ್ಚಿನ ಮಕ್ಕಳು ಉದ್ದದ ಸಾಲಿನಲ್ಲಿ ಹೆಚ್ಚು ಬಿಲ್ಲೆಗಳಿವೆ ಎನ್ನುತ್ತಾರೆ.

1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಇದರಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಸಾಲನ್ನು ಕೆಡಿಸಿದ್ದು ಪ್ರಯೋಗ ಮಾಡುವವರಲ್ಲ, ಪೆಟ್ಟಿಗೆಯಿಂದ ನುಗ್ಗಿಬಂದ ಒಂದು 'ತುಂಟ' ಗೊಂಬೆ ಕರಡಿ. ನಾಲ್ಕರಿಂದ ಆರು ವರ್ಷದ 80 ಮಕ್ಕಳಲ್ಲಿ, ಮೂಲ ವಿಧಾನದಲ್ಲಿ ಸರಿ ಉತ್ತರ ಕೊಟ್ಟವರು ಸುಮಾರು ಆರರಲ್ಲಿ ಒಬ್ಬರು. ಕರಡಿ ಬಂದಾಗ ಐವರಲ್ಲಿ ಮೂವರಿಗೂ ಹೆಚ್ಚು. ಅದೇ ವರ್ಷ ಸುಸಾನ್ ರೋಸ್ ಮತ್ತು ಮೇರಿಯನ್ ಬ್ಲಾಂಕ್ ಮೊದಲ ಪ್ರಶ್ನೆಯನ್ನು ಬಿಟ್ಟು, ಸಾಲು ಬದಲಾದ ಮೇಲೆ ಮಾತ್ರ ಕೇಳಿದರು. ಆಗಲೂ ತಪ್ಪುಗಳು ಕಡಿಮೆಯಾದವು. ಕಾರಣ ಊಹಿಸುವುದು ಕಷ್ಟವಲ್ಲ. ಮೇಷ್ಟ್ರು ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ಮೊದಲ ಉತ್ತರ ತಪ್ಪು ಎಂದೇ ಅರ್ಥ. ಇದು ನಮ್ಮ ತರಗತಿಗಳಲ್ಲಿ ಎಲ್ಲ ಮಕ್ಕಳಿಗೂ ಗೊತ್ತಿರುವ ಅಲಿಖಿತ ನಿಯಮ. ದೊಡ್ಡವರು ಬೇಕೆಂದೇ ಸಾಲನ್ನು ಅಗಲಿಸಿ ಮತ್ತೆ ಕೇಳಿದರೆ, ಅವರು ಅಗಲಿಸಿದ್ದರ ಬಗ್ಗೆಯೇ ಕೇಳುತ್ತಿದ್ದಾರೆ ಎಂದು ಮಗು ತಿಳಿಯುವುದು ಸಹಜ.

ಉಷ್ಣಮಾಪಕವನ್ನು ಸ್ವಲ್ಪವೇ ನೀರಿನಲ್ಲಿ ಅದ್ದಿದರೆ ಉಷ್ಣಮಾಪಕವೇ ನೀರಿನ ತಾಪವನ್ನು ಬದಲಿಸುತ್ತದೆ. ಇಲ್ಲಿಯೂ ಹಾಗೆಯೇ, ಅಳೆಯುವ ಪ್ರಶ್ನೆ ಅಳೆಯಬೇಕಾದದ್ದನ್ನು ಕದಡಿದೆ. ಆದರೆ ತುಂಟ ಕರಡಿಯ ಪ್ರಯೋಗವೂ ಟೀಕೆಗೆ ಅತೀತವಲ್ಲ. ಕ್ರಿಸ್ ಮೂರ್ ಮತ್ತು ಡಗ್ಲಾಸ್ ಫ್ರೈ 1986ರಲ್ಲಿ, ಕರಡಿ ಸಾಲನ್ನು ಕೆಡಿಸುವುದರ ಬದಲು ನಿಜವಾಗಿಯೇ ಬಿಲ್ಲೆಗಳ ಸಂಖ್ಯೆಯನ್ನು ಬದಲಿಸುವಂತೆ ಮಾಡಿದರು. ಆಗ ಕರಡಿ ಮಕ್ಕಳಿಗೆ ನೆರವಾಗಲಿಲ್ಲ, ಅಡ್ಡಿಯಾಯಿತು. ಅಂದರೆ ಕರಡಿಯ ಗದ್ದಲದಲ್ಲಿ ಕೆಲವು ಮಕ್ಕಳು ಬದಲಾವಣೆಯನ್ನೇ ಗಮನಿಸದೆ 'ಸಮ' ಎಂದಿರಬಹುದು. ಪಿಯಾಜೆ ಮಕ್ಕಳ ಶಕ್ತಿಯನ್ನು ಕಡಿಮೆ ಅಂದಾಜು ಮಾಡಿದರು ಎಂಬುದು ನಿಜ. ಕರಡಿ ಅದನ್ನು ಸ್ವಲ್ಪ ಹೆಚ್ಚಾಗಿಯೇ ತೋರಿಸಿತು ಎಂಬುದೂ ನಿಜ.

ಆಟವೋ, ಆಡಿಸಿದವರೋ?

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಕಲ್ಪನೆಯ ಆಟ ಮಗುವಿನ ಬುದ್ಧಿಯನ್ನು ಬೆಳೆಸುತ್ತದೆಯೇ? ಹೆಚ್ಚು ಕಲ್ಪನೆಯಿಂದ ಆಡುವ ಮಕ್ಕಳ ಭಾಷೆ ಚೆನ್ನಾಗಿರುವುದು ಕಂಡುಬಂದಿದೆ. ಆದರೆ ಸಹಸಂಬಂಧವೇ ಕಾರ್ಯಕಾರಣ ಸಂಬಂಧವಲ್ಲ. ಭಾಷೆ ಚೆನ್ನಾಗಿರುವುದರಿಂದಲೇ ಅವರು ಹೆಚ್ಚು ಆಡುತ್ತಿರಬಹುದು. ಅಥವಾ ಮನೆಯಲ್ಲಿ ಮಾತನಾಡಿಸುವವರು ಇರುವುದರಿಂದ ಎರಡೂ ಬಂದಿರಬಹುದು.

ಇಸ್ರೇಲಿನ ಸಾರಾ ಸ್ಮಿಲಾನ್‌ಸ್ಕಿ 1968ರ ತಮ್ಮ ಪುಸ್ತಕದಲ್ಲಿ, ಬಡ ಕುಟುಂಬದ ಮಕ್ಕಳಿಗೆ ಪಾತ್ರ ವಹಿಸಿ ಆಡುವುದನ್ನು ದೊಡ್ಡವರು ಕಲಿಸಿದಾಗ ಅವರ ಆಟ ಮತ್ತು ಭಾಷೆ ಸುಧಾರಿಸಿದ್ದನ್ನು ವರದಿ ಮಾಡಿದರು. ಅದನ್ನು ಅನುಸರಿಸಿ ಅನೇಕ ಅಧ್ಯಯನಗಳು ನಡೆದವು. 'ಆಟ ಬುದ್ಧಿವರ್ಧಕ' ಎಂಬ ಮಾತು ಹರಡಿತು. ಆದರೆ ಆಟ ಕಲಿಸಿದ ಗುಂಪಿಗೆ ದೊಡ್ಡವರ ಒಡನಾಟವೂ ಹೆಚ್ಚು ಸಿಕ್ಕಿತ್ತಲ್ಲ! ಎರಡು ಚರಾಂಶಗಳು ಒಟ್ಟಿಗೆ ಬದಲಾದ ಪ್ರಯೋಗ ಅದು. ಪೀಟರ್ ಸ್ಮಿತ್ ಮತ್ತು ಸುಸಾನ್ ಸಿಡಾಲ್ 1978ರಲ್ಲಿ ಇವನ್ನು ಬೇರ್ಪಡಿಸಿದರು. ಒಂದು ಗುಂಪಿಗೆ ಆಟ, ಇನ್ನೊಂದು ಗುಂಪಿಗೆ ಆಟವಲ್ಲದ ಚಟುವಟಿಕೆ. ದೊಡ್ಡವರ ಮಾತುಕತೆ ಮಾತ್ರ ಎರಡಕ್ಕೂ ಸಮ. ಭಾಷೆ, ಬುದ್ಧಿಯ ಹೆಚ್ಚಿನ ಅಳತೆಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಉಳಿಯಲಿಲ್ಲ. ಪ್ರಯೋಗ ಚಿಕ್ಕದು, ಆದರೆ ಕೇಳಿದ ಪ್ರಶ್ನೆ ಸರಿಯಾದುದು.

2013ರಲ್ಲಿ ಏಂಜಲಿನ್ ಲಿಲ್ಲಾರ್ಡ್ ಮತ್ತು ಸಂಗಡಿಗರು ಈ ಕ್ಷೇತ್ರದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದರು. ಕಲ್ಪನೆಯ ಆಟ ಬೆಳವಣಿಗೆಗೆ ಅನಿವಾರ್ಯ ಕಾರಣ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ. ಅದು ಹಲವು ದಾರಿಗಳಲ್ಲಿ ಒಂದಾಗಿರಬಹುದು, ಅಥವಾ ಬೇರೆ ಕಾರಣದ ಜೊತೆಗೆ ಬರುವ ಲಕ್ಷಣವಾಗಿರಬಹುದು ಎಂಬುದು ಅವರ ತೀರ್ಪು. ಎಷ್ಟೋ ಅಧ್ಯಯನಗಳಲ್ಲಿ ಪರೀಕ್ಷೆ ಮಾಡಿದವರಿಗೆ ಯಾವ ಮಗು ಯಾವ ಗುಂಪಿನದು ಎಂಬುದು ಮೊದಲೇ ಗೊತ್ತಿತ್ತು ಎಂಬ ದೋಷವನ್ನೂ ಅವರು ಎತ್ತಿ ತೋರಿಸಿದರು.

ಇದರಿಂದ ವೈಗೋಟ್ಸ್ಕಿ ಸೋತಂತಾಯಿತೇ? ಅರ್ಧ ಮಾತ್ರ. ಆಟವೇ ಬೆಳವಣಿಗೆಯ ಮುನ್ನಡೆಯ ಮೂಲ ಎಂಬ ಅವರ ಬಲವಾದ ಹೇಳಿಕೆ ಅಲುಗಾಡುತ್ತದೆ. ಆದರೆ ಸ್ಮಿತ್ ಮತ್ತು ಸಿಡಾಲ್ ಫಲಿತಾಂಶ ಬೆರಳು ಮಾಡುವುದು ಒಡನಾಟದತ್ತ. ಅದು ಅವರದೇ ಸಿದ್ಧಾಂತದ ಇನ್ನೊಂದು ಕಾಲು.

ಅಳತೆಯಿಲ್ಲದ ವಲಯ, ಎರವಲು ಸಾರುವೆ

ಒಡನಾಟದ ಬಗ್ಗೆ ವೈಗೋಟ್ಸ್ಕಿಯ ಪ್ರಸಿದ್ಧ ಪರಿಕಲ್ಪನೆ 'ಸಮೀಪಸ್ಥ ವಿಕಾಸ ವಲಯ'. ಇಬ್ಬರು ಮಕ್ಕಳು ತಾವಾಗಿಯೇ ಎಂಟು ವರ್ಷದ ಮಟ್ಟದ ಲೆಕ್ಕಗಳನ್ನು ಬಿಡಿಸುತ್ತಾರೆ ಎಂದಿಟ್ಟುಕೊಳ್ಳಿ. ಸ್ವಲ್ಪ ನೆರವು ಕೊಟ್ಟರೆ ಒಬ್ಬ ಒಂಬತ್ತರ ಮಟ್ಟಕ್ಕೆ, ಇನ್ನೊಬ್ಬ ಹನ್ನೆರಡರ ಮಟ್ಟಕ್ಕೆ ಹೋಗುತ್ತಾನೆ. ಇಬ್ಬರೂ ಸಮಾನರು ಎಂದ ಮೊದಲ ಪರೀಕ್ಷೆ ಏನನ್ನೋ ಬಿಟ್ಟಿದೆ. ಈ ವಾದದ ಬಲ ಅಲ್ಲಗಳೆಯುವಂಥದ್ದಲ್ಲ. ಆದರೆ ನೆರವು ಎಷ್ಟು, ಎಂಥದು ಎಂಬುದನ್ನು ಅವರು ನಿಗದಿಪಡಿಸಲಿಲ್ಲ. ನೆರವಾಗುವವರು ಬದಲಾದರೆ ವಲಯವೂ ಬದಲಾಗುತ್ತದೆ. ಮಾನವಿಲ್ಲದ ಪರಿಮಾಣ ಇದು. ದಾರಿ ತೋರಿಸುತ್ತದೆ, ದೂರ ಹೇಳುವುದಿಲ್ಲ.

ಇದರ ಜೊತೆಗೆ ಪಠ್ಯಗಳಲ್ಲಿ ಅಂಟಿಕೊಂಡಿರುವ ಇನ್ನೊಂದು ಪದ 'ಸಾರುವೆ'. ಕಟ್ಟಡ ಏಳುವಾಗ ಗಾರೆಯವರು ಕಟ್ಟುವ ಸಾರುವೆಯಂತೆ ಶಿಕ್ಷಕರ ನೆರವು ತಾತ್ಕಾಲಿಕವಾಗಿರಬೇಕು ಎಂಬುದು ಆಶಯ. ಈ ರೂಪಕ ವೈಗೋಟ್ಸ್ಕಿಯದೆಂದು ಎಷ್ಟೋ ಕಡೆ ಬರೆಯಲಾಗುತ್ತದೆ. ಅದನ್ನು ಈ ಅರ್ಥದಲ್ಲಿ ಬಳಕೆಗೆ ತಂದದ್ದು 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಬರೆದ ಪ್ರಬಂಧ. ಮೂಲ ಪಠ್ಯಗಳ ಸ್ಥಿತಿಯೂ ಇಂಥ ಗೊಂದಲಕ್ಕೆ ಕಾರಣ. 'ಆಲೋಚನೆ ಮತ್ತು ಮಾತು' ಕೃತಿಯ 1962ರ ಇಂಗ್ಲಿಷ್ ಆವೃತ್ತಿ ಬಹುವಾಗಿ ಸಂಕ್ಷೇಪಿಸಿದ್ದು. 1978ರಲ್ಲಿ 'ಸಮಾಜದಲ್ಲಿ ಮನಸ್ಸು' ಎಂಬರ್ಥದ ಹೆಸರಿನಿಂದ ಬಂದ, ಜಗತ್ತಿನಾದ್ಯಂತ ಓದಲಾಗುವ ಪುಸ್ತಕವಂತೂ ಸಂಪಾದಕರು ಬೇರೆ ಬೇರೆ ಬರಹಗಳಿಂದ ಜೋಡಿಸಿದ್ದು. ಅದನ್ನು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ.

ಸಮಾನ ವಯಸ್ಕರ ಒಡನಾಟದ ಬಗ್ಗೆ ಕ್ರಿಸ್ಟೀನ್ ಹೌ ಮತ್ತು ಸಂಗಡಿಗರ 1992ರ ಅಧ್ಯಯನ ಭೌತವಿಜ್ಞಾನಕ್ಕೇ ಸೇರಿದ್ದು. ಮಕ್ಕಳು ತುಸು ದೊಡ್ಡವರು, ಎಂಟರಿಂದ ಹನ್ನೆರಡು ವರ್ಷದವರು. ವಿಷಯ, ಇಳಿಜಾರಿನಲ್ಲಿ ಉರುಳುವ ಆಟಿಕೆ ವಾಹನಗಳ ಚಲನೆ. ಒಂದೇ ಅಭಿಪ್ರಾಯದವರ ಗುಂಪಿಗಿಂತ ಭಿನ್ನಾಭಿಪ್ರಾಯದವರ ಗುಂಪಿನ ಮಕ್ಕಳು ಹೆಚ್ಚು ಕಲಿತರು. ಆ ಕಲಿಕೆ ಕಂಡದ್ದು ಚರ್ಚೆಯ ಸಮಯದಲ್ಲಲ್ಲ, ಕೆಲವು ವಾರಗಳ ನಂತರ ಒಬ್ಬೊಬ್ಬರನ್ನೇ ಪರೀಕ್ಷಿಸಿದಾಗ. ಹೊರಗಿನ ವಾದ ನಿಧಾನವಾಗಿ ಒಳಗಿನ ವಾದವಾಯಿತು. ಗುಂಪುಚರ್ಚೆಯ ಕೊನೆಗೆ ಸರಿ ಉತ್ತರ ಬರಲಿಲ್ಲವೆಂದು ಅದನ್ನು ವ್ಯರ್ಥ ಎನ್ನುವವರು ಇದನ್ನು ಗಮನಿಸಬೇಕು.

ನಮ್ಮ ತರಗತಿಗಳಿಗೆ

ಇದೆಲ್ಲ ನಮಗೇಕೆ ಮುಖ್ಯ? 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದ ಮಕ್ಕಳ ಕಲಿಕೆಯ ಕೇಂದ್ರದಲ್ಲಿ ಆಟವನ್ನು ಇರಿಸಿದೆ. ಅದಕ್ಕೂ ಮೊದಲೇ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿದ ನಲಿ-ಕಲಿ ಪದ್ಧತಿ, ಕೆಲವು ಗುಂಪುಗಳಿಗೆ ಶಿಕ್ಷಕರ ನೆರವು, ಕೆಲವಕ್ಕೆ ಸಹಪಾಠಿಗಳ ನೆರವು, ಕೆಲವಕ್ಕೆ ಸ್ವಂತ ಕಲಿಕೆ ಎಂಬ ವಿನ್ಯಾಸವನ್ನು ಹಾಕಿಕೊಂಡಿತು. ವಿನ್ಯಾಸ ಸರಿಯಾದ ದಿಕ್ಕಿನಲ್ಲೇ ಇದೆ. ಅಪಾಯ ಇರುವುದು ಅದು ಸಾಮಗ್ರಿಯ ಮಟ್ಟದಲ್ಲಿ ನಿಂತುಬಿಡುವುದರಲ್ಲಿ. ಆಟಿಕೆಗಳ ಪೆಟ್ಟಿಗೆ ಬಂದಿದೆ, ಮಕ್ಕಳು ವೃತ್ತಾಕಾರವಾಗಿ ಕುಳಿತಿದ್ದಾರೆ ಎಂದು ದಾಖಲಿಸಿದ ಮಾತ್ರಕ್ಕೆ ಒಡನಾಟ ನಡೆದಂತಾಗುವುದಿಲ್ಲ. ಸಾಕ್ಷ್ಯ ಹೇಳುವುದು ಇಷ್ಟು: ಫಲ ಕೊಡುವುದು ಆಟಿಕೆಯಲ್ಲ, ಆಟಿಕೆಯ ಸುತ್ತ ನಡೆಯುವ ಮಾತು. ಒಬ್ಬ ಶಿಕ್ಷಕಿಯ ಮುಂದೆ ಮೂರು ತರಗತಿಗಳ ಮಕ್ಕಳು ಕುಳಿತಿರುವಲ್ಲಿ ಆ ಮಾತಿಗೆ ಬಿಡುವು ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಯಾವ ಪೆಟ್ಟಿಗೆಯೂ ಉತ್ತರವಲ್ಲ.

ಎರಡನೆಯ ಮಾತು ಮೌಲ್ಯಮಾಪನದ್ದು. ಒಂದು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ ಮಗುವನ್ನು 'ಇದಕ್ಕಿನ್ನೂ ತಿಳಿಯುವುದಿಲ್ಲ' ಎಂದು ಬದಿಗಿಡುವ ಮುನ್ನ, ಪ್ರಶ್ನೆ ಕೇಳಿದ ಬಗೆಯನ್ನು ಬದಲಿಸಿ ನೋಡಬೇಕು. ಇದು ಕರುಣೆಯ ಮಾತಲ್ಲ, ಪ್ರಯೋಗಶಿಸ್ತಿನ ಮಾತು. ಉಪಕರಣದ ದೋಷವನ್ನು ತೆಗೆಯದೆ ವಸ್ತುವಿನ ಬಗ್ಗೆ ತೀರ್ಮಾನಿಸುವುದು ಯಾವ ಪ್ರಯೋಗಶಾಲೆಯಲ್ಲೂ ಒಪ್ಪಿತವಲ್ಲ.

ಓದುಗರು ಇದನ್ನು ಯಾವ ಖರ್ಚೂ ಇಲ್ಲದೆ ತಾವೇ ಪರೀಕ್ಷಿಸಬಹುದು. ಹತ್ತು ಹುಣಸೆಬೀಜಗಳನ್ನು ಐದೈದರ ಎರಡು ಸಾಲುಗಳಾಗಿ ಜೋಡಿಸಿ. ಕೆಲವು ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಕೇಳಿ; ಇನ್ನು ಕೆಲವರಿಗೆ ಒಂದು ಸಾಲನ್ನು ಅಗಲಿಸಿದ ಮೇಲೆ ಒಂದೇ ಸಲ ಕೇಳಿ. ಬೊಗಳುವ ಬೆಕ್ಕಿನ ಪ್ರಶ್ನೆಯನ್ನು ಅರ್ಧ ಮಕ್ಕಳಿಗೆ ಪಾಠದ ಧ್ವನಿಯಲ್ಲಿ, ಉಳಿದವರಿಗೆ ಕಥೆಯ ಧ್ವನಿಯಲ್ಲಿ ಕೇಳಿ. ಯಾವ ಮಗುವಿಗೆ ಯಾವ ವಿಧಾನ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಉತ್ತರದ ಜೊತೆಗೆ ಮಗು ಕೊಟ್ಟ ಕಾರಣವನ್ನೂ ಅದರ ಮಾತಿನಲ್ಲೇ ಬರೆದುಕೊಳ್ಳಿ. ಸಂಖ್ಯೆಗಳು ಏನೇ ಬರಲಿ, ಆ ಕಾರಣಗಳ ಪಟ್ಟಿಯನ್ನು ಓದಿದ ಶಿಕ್ಷಕರು ಮರುದಿನ ಪ್ರಶ್ನೆ ಕೇಳುವಾಗ ಒಂದು ಕ್ಷಣ ಹೆಚ್ಚು ಯೋಚಿಸುತ್ತಾರೆ.